ಬಾಗಿಲ ಬಳಿಯ ದನಿ

ಐತವಾರ ಹ್ಯೂಸ್ಟನ್ನಿನ ಮಗ್ಗುಲಿನ ಶುಗರ್ ಲ್ಯಾಂಡಿನಲ್ಲಿದ್ದ ಗದಿಗೆಪ್ಪನವರ ಮನೆಗೆ ಹೋದವರಿಗೆ ಚಹಾಕ್ಕಿಂತ ಮೊದಲು ಪರೀಕ್ಷೆ. ಬಂದವರು ಗೋಡೆಗೆ ಮುಖ ಮಾಡಿ ಕೂಡಬೇಕು. ಬೆನ್ನ ಹಿಂದೆ ಅವರು ಒಂದೇ ಹಾಡಿನ ಎರಡು ರೆಕಾರ್ಡು ಒಂದಾದ ಮೇಲೊಂದು ಹಾಕಿ, "ಯಾವುದು ಮೊದಲನೇ ಪ್ರೆಸ್ಸು, ಯಾವುದು ಆಮ್ಯಾಲಿಂದು, ಹೇಳ್ರಿ" ಎನ್ನುವರು. ತಪ್ಪು ಹೇಳಿದವರಿಗೂ ಚಹಾ ಸಿಗುತ್ತಿತ್ತು. ಆದರೆ ಉದ್ದನೆಯ ಪಾಠವೊಂದು ಮುಗಿದ ನಂತರ, ಆರಿದ ಚಹಾ.

ಗದಿಗೆಪ್ಪನವರು ಗದಗಿನವರು. ಹ್ಯೂಸ್ಟನ್ನಿನಲ್ಲಿ ಎಣ್ಣೆ ಸಾಗಿಸುವ ಪೈಪುಗಳ ತಪಾಸಣೆ ಮಾಡಿಕೊಡುವ ಸ್ವಂತ ವ್ಯಾಪಾರ. ಕಬ್ಬಿಣದೊಳಗೆ ಸದ್ದು ಬಿಟ್ಟು, ಅದು ತಿರುಗಿ ಬರುವ ರೀತಿಯಿಂದ ಕಣ್ಣಿಗೆ ಕಾಣದ ಬಿರುಕು ಹಿಡಿಯುವ ಕಸಬು. ಹೀಗಾಗಿ ಸದ್ದಿನ ವಿಷಯದಲ್ಲಿ ತಮ್ಮ ಮಾತೇ ಕೊನೆಯದೆಂಬ ಭಾವನೆ ಅವರಿಗೆ ಬಂದುಬಿಟ್ಟಿತ್ತು. ರೆಕಾರ್ಡು ಒತ್ತುವ ಲೋಹದ ಅಚ್ಚು ಒತ್ತಿದಷ್ಟೂ ಸವೆಯುತ್ತದೆ. ಮೊದಲು ಬಿದ್ದ ರೆಕಾರ್ಡಿನಲ್ಲಿ ಇದ್ದದ್ದು ಕೊನೆಗೆ ಬಿದ್ದದ್ದರಲ್ಲಿ ಇರುವುದಿಲ್ಲ. ಕಂಪನಿಯವರು ಹೊಸದಾಗಿ ಅಚ್ಚು ಮಾಡಿದರಂತೂ ಹಾಡಿನ ಮುಖವೇ ಬೇರೆಯಾಗುತ್ತದೆ. ಇದು ಅವರ ಸಿದ್ಧಾಂತ.

ಅವರ ಹೆಂಡತಿ ಸುಮಿತ್ರವ್ವನಿಗೆ ಇದು ಪಾಠ ಕೇಳದೆಯೂ ಗೊತ್ತಿದ್ದ ಮಾತೇ. ಗೌರಿ ಹುಣ್ಣಿಮೆಗೆ ಕಟ್ಟಿಗೆಯ ಅಚ್ಚಿನಲ್ಲಿ ಪಾಕ ಹೊಯ್ದು ಸಕ್ಕರೆ ಆರತಿಯ ಗೊಂಬೆ ಮಾಡಿದ ಕೈ ಅದು. ಮೊದಲು ಹೊಯ್ದ ಆನೆಗೆ ಕಣ್ಣು, ಗಿಳಿಗೆ ಕೊಕ್ಕು ತಿದ್ದಿದಂತೆ ಮೂಡುತ್ತವೆ. ಹೊಯ್ಯುತ್ತ ಹೋದ ಹಾಗೆ ಅಚ್ಚಿನ ಗೆರೆಗಳಲ್ಲಿ ಸಕ್ಕರೆ ಕೂತು, ಕೊನೆಯ ಆನೆಗೆ ಕಣ್ಣೇ ಇರುವುದಿಲ್ಲ. ತಿನ್ನುವ ಮಕ್ಕಳಿಗೆ ಅದರ ಗೊಡವೆ ಇಲ್ಲ, ಆರತಿ ಹಿಡಿದ ಹುಡುಗಿಗೆ ಇರುತ್ತದೆ.

ಪರೀಕ್ಷೆಗೆ ಗದಿಗೆಪ್ಪನವರು ಬಳಸುತ್ತಿದ್ದ ರೆಕಾರ್ಡು ಸುಮಿತ್ರವ್ವನದು. ಅಂಗೈಗಿಂತ ತುಸು ದೊಡ್ಡದು, ಒಂದೊಂದು ಬದಿಗೆ ಎರಡೇ ತತ್ವಪದ. ಹಾಡಿದವಳು ಅವಳ ಅಕ್ಕ ಮಲ್ಲವ್ವ. ಅಕ್ಕನಿಗೆ ಆಗ ಇಪ್ಪತ್ತರ ಆಸುಪಾಸು, ಸುಮಿತ್ರವ್ವನಿಗೆ ಇನ್ನೂ ಲಂಗ ದಾವಣಿ. ಅಪ್ಪ ಇಬ್ಬರನ್ನೂ ರೈಲು ಹತ್ತಿಸಿ ಮುಂಬಯಿಗೆ ಕರೆದೊಯ್ದಿದ್ದ. ಅಕ್ಕ ಸಾಲು ಹಾಡಿದರೆ ತಂಗಿ ಅದರ ತುದಿಯನ್ನು ತಿರುಗಿ ಹಾಡಬೇಕು. ತಂಗಿಯ ಎಳೆ ದನಿ ಸೂಜಿಯಂತೆ ಚುಚ್ಚುತ್ತದೆಂದು ಅಲ್ಲಿದ್ದ ಮನುಷ್ಯ ಅವಳನ್ನು ಮೈಕಿನಿಂದ ಹಿಂದೆ ಹಿಂದೆ ಸರಿಸುತ್ತ ಬಾಗಿಲಿಗೆ ಬೆನ್ನು ಹಚ್ಚಿ ನಿಲ್ಲಿಸಿದ. ಆ ದನಿ ರೆಕಾರ್ಡಿನಲ್ಲಿ ಇತ್ತು ಅಂದರೆ ಇತ್ತು, ದೂರದ ಓಣಿಯಲ್ಲಿ ಯಾರೋ ಕರೆದ ಹಾಗೆ. ಮರುವರ್ಷ ಮಲ್ಲವ್ವ ಕಾಮಾಲೆಯಲ್ಲಿ ತೀರಿಕೊಂಡಳು. ಅವಳ ಒಂದು ಫೋಟೋ ಕೂಡ ಉಳಿಯಲಿಲ್ಲ. ಉಳಿದದ್ದು ಇದೊಂದೇ: ಅಕ್ಕ ಕರೆಯುತ್ತಾಳೆ, ಇವಳು ಓಗೊಡುತ್ತಾಳೆ.

ಕೆಲವು ವರ್ಷಗಳ ನಂತರ ಕಂಪನಿಯವರು ಅದೇ ರೆಕಾರ್ಡನ್ನು ಹೊಸ ಅಚ್ಚಿನಲ್ಲಿ ತೆಗೆದರು. ಹಿಂದಿನ ಗರಗರ ಸದ್ದು ಹೋಗಲೆಂದು ಮೇಲಿನ ದನಿಯನ್ನು ಹೆರೆದು ನುಣುಪು ಮಾಡಿದರಂತೆ. ಅದರೊಡನೆ ಬಾಗಿಲ ಬಳಿಯ ಹುಡುಗಿಯೂ ಹೋದಳು. ಗದಿಗೆಪ್ಪನವರ ಹತ್ತಿರ ಆ ಎರಡನೆಯದೂ ಒಂದಿತ್ತು. ಮೊದಲು ಅದನ್ನು ಹಾಕಿ, ಆಮೇಲೆ ಹೆಂಡತಿಯದನ್ನು ಹಾಕಿ, ಸರಿಯಾದ ಗಳಿಗೆಗೆ ಬೆರಳೆತ್ತುವರು.

"ಕೇಳಿದ್ರ್ಯೋ? ಆ ಸೊಳ್ಳಿ ದನಿ? ಅದು ನಮ್ಮಾಕಿ."

ಸುಮಿತ್ರವ್ವ ಮಿರ್ಚಿ ಕರಿಯುವುದು ಬಿಟ್ಟು ಬಾಗಿಲಿಗೆ ಬಂದು ನಿಲ್ಲುವಳು. ಎಷ್ಟು ಸಲ ಕೇಳಿದ್ದರೂ, ಆ ದನಿ ಬಂದು ಹೋಗುವವರೆಗೆ ಒಲೆಯ ಕಡೆ ತಿರುಗುತ್ತಿರಲಿಲ್ಲ.

ಮೈಸೂರಿನ ಮಹಾಬಲೇಶ್ವರ ಒಬ್ಬ ಮಾತ್ರ ಈ ಪರೀಕ್ಷೆಗೆ ಬಗ್ಗುತ್ತಿರಲಿಲ್ಲ. ಬೇಕೆಂದೇ ತಲೆ ಕೆರೆದುಕೊಂಡು, "ಎರಡೂ ಒಂದೇ ಥರ ಇದೆಯಲ್ಲ ಸಾರ್. ಹಾಡು ಅದೇ, ಅಮ್ಮಾವ್ರು ಅವರೇ. ನಿಮಗೆ ಕೇಳಿಸೋದು ನಿಮ್ಮ ಪ್ರೀತಿ ಕಣ್ರೀ, ಪ್ರೆಸಿಂಗ್ ಅಲ್ಲ" ಎನ್ನುವನು.

"ಎರಡೂ ಒಂದ ಅನ್ನಾಂವಗ ಬೆಲ್ಲಾ ಒಂದ, ಕಲ್ಲೂ ಒಂದ. ಏ ಸುಮಿ, ಇಂವಗ ಚಾ ಕೊಡಬ್ಯಾಡ."

"ಚಾನೂ ಎರಡೂ ಒಂದೇ ಥರ ಇರತ್ತೆ ಬಿಡಿ, ಆಂಟಿ ಮಾಡಿದ್ರೆ," ಎಂದು ಅವನು ತಾನೇ ಅಡುಗೆಮನೆಗೆ ಬಂದು ಲೋಟ ಹಿಡಿಯುವನು.

ಸುಮಿತ್ರವ್ವ ಗಂಡನ ಹೆಸರು ಹಿಡಿದು ಕರೆದವಳಲ್ಲ. ಅವರ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದು ಶುಭಕಾರ್ಯಗಳಲ್ಲಿ, ಒಡಪಿನೊಳಗೆ ಇಟ್ಟು. ಎರಡು ಸಾಲಿನ ಪದ್ಯ ಕಟ್ಟಿ ಕೊನೆಗೆ ಹೆಸರು ಸೇರಿಸಬೇಕು. ಹ್ಯೂಸ್ಟನ್ನಿನ ಕನ್ನಡದ ಮನೆಗಳಲ್ಲಿ ಅವಳ ಒಡಪು ಹೆಸರಾದದ್ದು: "ಗದಗಿನ ಸಂತಿಯಾಗ ಮೊಳ ಮಲ್ಲಿಗಿ ಕೊಂಡ, ನೂರು ದನಿಯಾಗ ನನ್ನ ದನಿ ಗುರತಿಸ್ತಾನ ಗದಿಗೆಪ್ಪ ನನ್ನ ಗಂಡ." ಕೇಳಿದವರು ನಗುತ್ತಿದ್ದರು. ಅವಳು ನಗಿಸಲಿಕ್ಕೆ ಕಟ್ಟಿದ್ದಲ್ಲ ಅದನ್ನು, ಇದ್ದದ್ದನ್ನೇ ಕಟ್ಟಿದ್ದು.

ಐಕ್ ಚಂಡಮಾರುತ ಬರುತ್ತದೆಂದು ಊರೆಲ್ಲ ನೀರಿನ ಬಾಟಲಿ, ಬ್ಯಾಟರಿಗೆ ಮುಗಿಬಿದ್ದಾಗ ಗದಿಗೆಪ್ಪನವರು ಕಾರಿನ ಹಿಂದಿನ ಸೀಟಿನ ತುಂಬ ರೆಕಾರ್ಡು ಪೇರಿಸಿದರು. ಇಬ್ಬರೂ ಡಲ್ಲಾಸಿಗೆ ಹೊರಟರು, ಹಾಲಪ್ಪನ ಮನೆಗೆ. ಹಾಲಪ್ಪ ಅವರ ಊರಿನ ಕಡೆಯವನೇ, ಅವರದೇ ಹುಚ್ಚಿನವನು. ಗದಗ-ಹುಬ್ಬಳ್ಳಿ ಸೀಮೆಯಲ್ಲಿ ಹಾಡಿದವರ ರೆಕಾರ್ಡು ಎಲ್ಲಿದ್ದರೂ ಹುಡುಕಿ ತರುವವನು. ಗಾಳಿ ಹೋಯಿತು, ಇವರು ತಿರುಗಿ ಬಂದರು. ಮನೆಗೆ ಇನ್ನೂ ಕರೆಂಟು ಇರಲಿಲ್ಲ, ಒಳಗೆಲ್ಲ ಮುಗ್ಗಲು ವಾಸನೆ. ರೆಕಾರ್ಡು ಡಲ್ಲಾಸಿನಲ್ಲೇ ಉಳಿದವು. ದಸರೆ ಕಳೆದ ಮೇಲೆ ಗದಿಗೆಪ್ಪನವರು ಒಬ್ಬರೇ ಹೋಗಿ ತಂದರು. ಜೊತೆಗೆ ಹಿಂದೂಸ್ತಾನಿ ಖಯಾಲಿನ ಒಂದು ದೊಡ್ಡ ರೆಕಾರ್ಡು ಹೊಸದಾಗಿ ಬಂದಿತ್ತು, ಹೊರದೇಶದಲ್ಲಿ ಒತ್ತಿದ್ದು.

"ಹಾಲಪ್ಪ ಪ್ರೀತಿಲೆ ಕೊಟ್ಟ," ಎಂದರು.

ಅಂಥದ್ದನ್ನು ಕೊಟ್ಟ ಮನುಷ್ಯನನ್ನು ಬರಿಗೈಯಲ್ಲಿ ಬಿಡಬಾರದೆಂದು ಸುಮಿತ್ರವ್ವ ಡಬ್ಬಿ ತುಂಬ ಶೇಂಗಾ ಹೋಳಿಗೆ ಮಾಡಿ ಡಲ್ಲಾಸಿಗೆ ಹೋಗುವವರ ಕೈಯಲ್ಲಿ ಕಳಿಸಿದಳು.

ಮುಂದಿನ ಐತವಾರ ಅಕ್ಕನ ಹಾಡು ಹಾಕಿಸಿಕೊಂಡಳು. ಅಕ್ಕ ಹಾಡಿದಳು. ಓಗೊಡುವ ಜಾಗ ಬಂತು, ಹೋಯಿತು. ಸುಮಿತ್ರವ್ವ ಇನ್ನಷ್ಟು ಹತ್ತಿರ ಕೂತಳು.

"ನನ್ನ ದನಿ ಕೇಳಸವಲ್ದಲ್ರೀ."

ಗದಿಗೆಪ್ಪನವರು ಕಣ್ಣು ಮುಚ್ಚಿ, ಎಂದಿನಂತೆ ಸರಿಯಾದ ಗಳಿಗೆಗೆ ಬೆರಳೆತ್ತಿದರು. "ಐತಲ್ಲ. ಇಲ್ನೋಡು. ಇಲ್ಲಿ."

"ನನಗ ಇಲ್ರಿ."

"ವಯಸ್ಸಾತು ಸುಮಿ. ಮೊದಲು ಸಣ್ಣ ದನೀನ ಹೋಗ್ತಾವು. ಅದಕ್ಯಾಕ ಹೆದರ್ತಿ."

ಅವಳು ಹೆದರಿದಳು. ಅವ್ವನಿಗೂ ಹೀಗೇ ಆಗಿತ್ತು, ಕೊನೆಕೊನೆಗೆ ಗುಡಿಯ ಗಂಟೆಯೂ ಕೇಳುತ್ತಿರಲಿಲ್ಲ. ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟುಕೊಂಡಳು. ಎದ್ದ ಕೂಡಲೆ ಹಿತ್ತಲ ಬಾಗಿಲಲ್ಲಿ ನಿಂತು, ಹಕ್ಕಿ ಕೂಗುವುದು ಕೇಳುತ್ತದೋ ಇಲ್ಲವೋ ಎಂದು ಪರೀಕ್ಷಿಸಿಕೊಂಡಳು, ಕೇಳುತ್ತಿತ್ತು. ಕುಕ್ಕರಿನ ಸೀಟಿ, ಮಗಳ ಫೋನು, ಎಲ್ಲ ಕೇಳುತ್ತಿತ್ತು. ಆ ಒಂದು ದನಿ ಮಾತ್ರ ಇಲ್ಲ. ಕಡೆಗೆ ಗದಿಗೆಪ್ಪನವರೇ ಕಿವಿಯ ಡಾಕ್ಟರ ಹತ್ತಿರ ಕರೆದೊಯ್ದರು. ಗಾಜಿನ ಕೋಣೆಯಲ್ಲಿ ಅವಳನ್ನು ಕೂಡಿಸಿ ಸಣ್ಣ ಸಣ್ಣ ಸದ್ದು ಬಿಟ್ಟರು. ಕೇಳಿದಾಗಲೆಲ್ಲ ಅವಳು ಗುಂಡಿ ಒತ್ತಿದಳು. ಗಾಜಿನ ಆಚೆ ಗಂಡ ಕೈಕಟ್ಟಿ ಕೂತದ್ದು ಕಾಣುತ್ತಿತ್ತು. ಅವರು ನನಗಾಗಿ ಕೆಲಸ ಬಿಟ್ಟು ಬಂದರಲ್ಲ ಎಂದು ಅವಳಿಗೆ ಸಂಕೋಚವಾಯಿತು.

ವಯಸ್ಸಿಗೆ ತಕ್ಕಂತೆ ಕಿವಿ ಚೆನ್ನಾಗಿವೆ, ತೀರಾ ಮೇಲಿನ ಸದ್ದು ತುಸು ಕಡಿಮೆ ಕೇಳುತ್ತಿರಬಹುದು, ಅಷ್ಟೇ, ಎಂದರು ಡಾಕ್ಟರು.

"ಅದ ನೋಡು, ತುಸು ಕಡಿಮಿ," ಎಂದರು ಗದಿಗೆಪ್ಪನವರು, ಕಾರಿನಲ್ಲಿ.

ಅಂದಿನಿಂದ ಸುಮಿತ್ರವ್ವ ಆ ರೆಕಾರ್ಡು ಹಾಕಿಸಿಕೊಳ್ಳುವುದನ್ನು ಬಿಟ್ಟಳು. ಐತವಾರದ ಪರೀಕ್ಷೆಗೂ ಬೇರೆ ಹಾಡು ಬಂತು. ತನ್ನ ಮನಸ್ಸು ನೋಯಬಾರದೆಂದು ಇವರು ಹಾಗೆ ಮಾಡಿರಬೇಕು ಎಂದುಕೊಂಡಳು. ಹೊಸ ಅಚ್ಚಿನ ಆ ಎರಡನೇ ರೆಕಾರ್ಡು ಕಪಾಟಿನಲ್ಲಿ ಕಾಣದಾದದ್ದು ಅವಳ ಲಕ್ಷ್ಯಕ್ಕೇ ಬರಲಿಲ್ಲ.

ವೈಶಾಖದಲ್ಲಿ ಹಾಲಪ್ಪ ಹೊಸ ಮನೆ ಮಾಡಿದ. ಗೃಹಪ್ರವೇಶಕ್ಕೆ ಹ್ಯೂಸ್ಟನ್ನಿನಿಂದ ಇವರು ಹೋದರು, ಆಸ್ಟಿನ್ನಿನ ಆಚೆ ಲಿಯಾಂಡರಿನಿಂದ ಮಗಳು ಪ್ರೇರಣಾ ತನ್ನ ಕಾರಿನಲ್ಲಿ ಬಂದಳು. ಪೂಜೆ ಆಯಿತು, ಊಟ ಆಯಿತು. ಗಂಡಸರು ಹಾಲಪ್ಪನ ಹಾಡಿನ ಕೋಣೆ ನೋಡಲು ಮೇಲೆ ಹೋದರು. ಹೆಂಗಸರು ಕೆಳಗೆ ಉಳಿದ ಹೋಳಿಗೆಯನ್ನು ಡಬ್ಬಿಗಳಿಗೆ ತುಂಬುತ್ತಿದ್ದರು.

ಮೇಲಿನಿಂದ ಅಕ್ಕ ಹಾಡಿದಳು.

ಹಾಲಪ್ಪನ ಹತ್ತಿರವೂ ಇದು ಇದೆಯೇ ಎಂದು ಸುಮಿತ್ರವ್ವ ಮುಖವೆತ್ತಿದಳು. ಸಾಲು ಮುಗಿಯಿತು. ಬಾಗಿಲಿಗೆ ಬೆನ್ನು ಹಚ್ಚಿ ನಿಂತ ಹುಡುಗಿ ಓಗೊಟ್ಟಳು.

ಸುಮಿತ್ರವ್ವನ ಕೈ ತಾನಾಗಿ ಕಿವಿಗೆ ಹೋಯಿತು. ಮೊದಲು ಅವಳಿಗೆ ಆದದ್ದು ಬರೀ ಸಂತೋಷ. ಕಿವಿ ಬಂದವು, ದೇವರು ಕಣ್ಣು ಬಿಟ್ಟ, ಇವರಿಗೆ ಹೇಳಬೇಕು ಎಂದು ಮೆಟ್ಟಿಲು ಹತ್ತಿದಳು. ಹತ್ತುತ್ತಿದ್ದಂತೆ ಆ ದನಿ ಎರಡನೆಯ ಸಲವೂ ಕೇಳಿತು, ಮೂರನೆಯ ಸಲವೂ. ಬಾಗಿಲಲ್ಲಿ ನಿಂತಾಗ ಗದಿಗೆಪ್ಪನವರು ಯಂತ್ರದ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಬೆರಳು ಮೇಲೆದ್ದಿತ್ತು. ಕಣ್ಣು ತೆರೆದು ಅವಳನ್ನು ಕಂಡವರೇ ಕೈ ಚಾಚಿ ಮುಳ್ಳನ್ನು ಎತ್ತಿಬಿಟ್ಟರು.

ಹಾಡು ನಿಂತಿತು.

ಹಾಲಪ್ಪ ಮಾತ್ರ ನಗುನಗುತ್ತ ಎದ್ದ. "ಬರ್ರಿ ವೈನಿ, ಬರ್ರಿ. ನಿಮ್ಮ ದೊಡ್ಡ ಮನಸ್ಸಿಗೆ ನಾ ಕೈ ಮುಗದು ಹೇಳಬೇಕಿತ್ತು. ಅಣ್ಣಾ ಹೇಳಿದ್ರು, 'ನಮ್ಮಾಕೀಗೆ ಈಗ ಸಣ್ಣ ದನಿ ಕೇಳಸೂದಿಲ್ಲ, ಕೇಳೂ ಮಂದಿ ಹತ್ರ ಇರಲಿ ಅಂತ ಅಕೀನ ಕೊಟ್ಟಳು' ಅಂತ. ಬದಲಿಗೆ ಆ ಖಯಾಲ್ ಪ್ಲೇಟು ಕೊಟ್ಟೆ, ಆದರ ಅದು ಇದಕ್ಕ ಸಾಟಿ ಅಲ್ಲ ಬಿಡ್ರಿ."

"ಯಾವಾಗ ಹೇಳಿದ್ರು ಹಾಲಪ್ಪ?"

"ರೆಕಾರ್ಡು ಒಯ್ಯಾಕ ಬಂದಾಗ. ಐಕ್ ಆದಮ್ಯಾಲ."

ಆಗ ಅವಳ ಕಿವಿಗೆ ಏನೂ ಆಗಿರಲಿಲ್ಲ. ಅವಳು ಆ ರೆಕಾರ್ಡು ಹಾಕಿಸಿ ಕೇಳಿದ್ದೇ ಅದಾದ ಮೇಲೆ. ಮೊದಲು ರೋಗದ ಹೆಸರು ಇಟ್ಟು, ಆಮೇಲೆ ರೋಗ ತಂದು ಮನೆಯಲ್ಲಿ ಇಟ್ಟಿದ್ದರು. ಅವಳ ರೆಕಾರ್ಡಿನ ಹಳೆಯ ಹೊದಿಕೆಯೊಳಗೆ ಆ ಹೊಸ ಅಚ್ಚಿನದನ್ನು ಸೇರಿಸಿ, ಇಲ್ಲದ ದನಿಗೆ ಬೆರಳೆತ್ತಿ, ಗಾಜಿನ ಆಚೆ ಕೈಕಟ್ಟಿ ಕೂತಿದ್ದರು. ಬೇಲಿ ಹೊಲ ಮೇಯ್ದರೆ ಹೊಲದವರು ಯಾರ ಹತ್ತಿರ ಹೋಗಿ ಹೇಳಬೇಕು.

"ಸುಮಿ," ಎಂದರು ಗದಿಗೆಪ್ಪನವರು. "ಹಾಡು ಅದ ಅಲ್ಲೇನು? ನಿಮ್ಮ ಅಕ್ಕನ ದನಿ ಅದರಾಗೂ ಐತಿ. ಅಷ್ಟೇನು ಫರಕ್ ಇಲ್ಲ."

ಕೋಣೆಯಲ್ಲಿದ್ದವರಲ್ಲಿ ಒಂದಿಬ್ಬರು ಹ್ಯೂಸ್ಟನ್ನಿನ ಐತವಾರದ ಪರೀಕ್ಷೆಗೆ ಕೂತವರು. ಅವರು ಗದಿಗೆಪ್ಪನವರನ್ನು ನೋಡಿದರು, ಆಮೇಲೆ ನೆಲ ನೋಡಿದರು.

ಸುಮಿತ್ರವ್ವ ಕೆಳಗಿಳಿದಳು. ಕೆಳಗೆ ಆರತಿ ಸಿದ್ಧವಾಗಿತ್ತು. ಹಾಲಪ್ಪನ ಹೆಂಡತಿ ಕೋಕಿಲಾ ಎಲ್ಲರಿಂದ ಹೆಸರು ಹೇಳಿಸುವ ಸಂಭ್ರಮದಲ್ಲಿದ್ದಳು. ಸದ್ದು ಕೇಳಿ ಗಂಡಸರೂ ಇಳಿದು ಬಂದು ಗೋಡೆಗುಂಟ ನಿಂತರು. ಒಬ್ಬೊಬ್ಬರೇ ಹೇಳಿದರು. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಮರೆತು ತಡವರಿಸಿದಳು, "ಬರೀ ಹೆಸರರ ಹೇಳವ್ವ, ಅಂವ ನಿನ್ನಾಂವ ಹೌದೋ ಅಲ್ಲೋ ನೋಡೂಣು" ಎಂದು ಯಾರೋ ಚೇಷ್ಟೆ ಮಾಡಿದರು. ನಗು ಎದ್ದಿತು.

"ಈಗ ಸುಮಿತ್ರಕ್ಕಾರು. ಗದಗಿನ ಸಂತಿ ಬರಲಿ," ಎಂದಳು ಕೋಕಿಲಾ.

"ಆ ಸಂತಿ ಮುಗೀತು ತಂಗಿ," ಎಂದಳು ಸುಮಿತ್ರವ್ವ. "ಇವತ್ತ ಬ್ಯಾರೆ ಹೇಳ್ತೇನಿ." ಸೆರಗು ಸರಿಮಾಡಿಕೊಂಡು, ಯಾವಾಗಲೂ ಹೇಳುವ ದನಿಯಲ್ಲೇ ಹೇಳಿದಳು:

"ಸಕ್ಕರಿ ಅಚ್ಚಿನ್ಯಾಗ ಮೊದಲು ಹೊಯ್ದ ಆನಿಗೆ ಮೂಡ್ಯಾವ ಕಣ್ಣ,
ಅಕ್ಕನ ಹಾಡು ಮಂದಿಗೆ ಕೊಟ್ಟು, ಕಿವಿ ಕೆಟ್ಟಾವಂತ ನಂಬಿಸ್ಯಾರ ನನ್ನ..."

ನಿಲ್ಲಿಸಿದಳು. ನಗಲು ಬಾಯಿ ತೆರೆದವರು ಹಾಗೇ ಇದ್ದರು.

"ಹೆಸರು, ಅಕ್ಕಾರ," ಎಂದಳು ಕೋಕಿಲಾ ಮೆಲ್ಲಗೆ. "ಒಡಪು ಅರ್ಧಕ್ಕ ಬಿಡಬಾರದು."

"ಹೆಸರು ಬಾಯಿಗೆ ಬರವಲ್ದವ್ವ."

ಮದುವೆಯಾದಂದಿನಿಂದ ಅವಳು ಒಡಪನ್ನು ಅರ್ಧಕ್ಕೆ ಬಿಟ್ಟವಳಲ್ಲ. ಗದಿಗೆಪ್ಪನವರು ಗೋಡೆಯ ಬಳಿ ನಿಂತಿದ್ದರು. ಅವರ ಅಕ್ಕಪಕ್ಕದವರು, ಬೇಕೆಂದು ಅಲ್ಲದಿದ್ದರೂ, ತುಸು ಸರಿದು ನಿಂತರು. ಕೋಕಿಲಾ ಗಂಡನ ಮುಖ ನೋಡಿದಳು. ಹಾಲಪ್ಪ ದುಡುದುಡು ಮೆಟ್ಟಿಲು ಹತ್ತಿ ಹೋದ.

ಹೊರಡುವಾಗ ಗದಿಗೆಪ್ಪನವರು ಕಾರಿನ ಬಾಗಿಲು ತೆರೆದು ಹಿಡಿದಿದ್ದರು. ಸುಮಿತ್ರವ್ವ ಅದನ್ನು ದಾಟಿ ಮಗಳ ಕಾರಿನತ್ತ ನಡೆದಳು.

"ಸುಮಿ, ಮಂದಿ ಮುಂದ ನನ್ನ ಮಾನಾ ಕಳದಿ, ಸಾಕಲ್ಲ. ಮನಿಗೆ ನಡಿ."

"ಕಿವಿ ಡಾಕ್ಟರ ಹತ್ರ ನೀವ ಕರ್ಕೊಂಡು ಹೋದಿರಿ," ಎಂದಳು ಅವಳು. "ರೆಕಾರ್ಡು ಕೊಟ್ಟದ್ದು ಹೋಗಲಿ. ಕೇಳಿದ್ರ ನಾನ ಕೊಡತಿದ್ದೆನೋ ಏನೋ. ಆ ಗಾಜಿನ ಕ್ವಾಣ್ಯಾಗ ನನ್ನ ಕೂಡಸಬಾರದಿತ್ತು."

"ಬ್ಯಾರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಸುಮಿ."

"ನನಗೂ ಗೊತ್ತಾಗೂದಿಲ್ಲ ಅಂದ್ಕೊಂಡ್ರಿ. ಪ್ಲೇಟಿನ ಫರಕ್ ಜಗತ್ತಿಗೆಲ್ಲ ಕಲಿಸಿದಿರಿ, ಮನ್ಯಾಗಿನಾಕೀಗೆ ಮಾತ್ರ ತಿಳಿಯೂದಿಲ್ಲ ಅಂದ್ಕೊಂಡ್ರಿ. ಬರೂ ಐತವಾರ ಮಹಾಬಲೇಶ್ವರ ಬರ್ತಾನ. ಅವಗ ಹೇಳ್ರಿ, ಎರಡೂ ಒಂದ ಅಂತ. ಹೇಳಿದಮ್ಯಾಲ ಫೋನ್ ಮಾಡ್ರಿ."

ಅವಳು ಮಗಳ ಕಾರು ಹತ್ತಿ ಕೂತಾಗ ಹಾಲಪ್ಪ ಟವೆಲಿನಲ್ಲಿ ಸುತ್ತಿದ ರೆಕಾರ್ಡನ್ನು ಕಿಟಕಿಯೊಳಗೆ ಚಾಚಿದ. ಅವನ ಮುಖದ ನಗು ಆಗಲೇ ಇಂಗಿತ್ತು. "ಇದು ನಿಮ್ಮದು ವೈನಿ. ನನಗ ಗೊತ್ತಿರಲಿಲ್ಲ."

"ನಿನಗ ಹೋಳಿಗಿ ಕಳಿಸಿದ್ದೆನಲ್ಲ ಹಾಲಪ್ಪ, ಅದು ಆ ಖಯಾಲ್ ಪ್ಲೇಟಿಗೆ. ಲೆಕ್ಕ ಹರೀತು," ಎಂದು ಅವಳು ರೆಕಾರ್ಡನ್ನು ಮಡಿಲಲ್ಲಿ ಇಟ್ಟುಕೊಂಡಳು.

ವೇಕೋ ಊರು ದಾಟುವವರೆಗೆ ಪ್ರೇರಣಾ ಕಾರನ್ನು ಜೋರಾಗಿ ಓಡಿಸಿದಳು. ಆಮೇಲೆ, "ಅಮ್ಮಾ, ಆರ್ ಯು ಓಕೆ?" ಎಂದಳು.

"ರೋಡು ನೋಡವ್ವ," ಎಂದಳು ಸುಮಿತ್ರವ್ವ.

ಪ್ರೇರಣಾಳ ಮನೆಯಲ್ಲಿ ಸೂಟ್‌ಕೇಸಿನಂಥ ಒಂದು ಪ್ಲೇಯರು ಇತ್ತು, ಆಸ್ಟಿನ್ನಿನ ಹಳೆ ಸಾಮಾನಿನ ಅಂಗಡಿಯಲ್ಲಿ ಚಂದ ಕಂಡಿತೆಂದು ತಂದದ್ದು. ಅದನ್ನು ಗದಿಗೆಪ್ಪನವರು 'ಡಬ್ಬಿ' ಎನ್ನುತ್ತಿದ್ದರು. ಎರಡು ದಿನ ಸುಮಿತ್ರವ್ವ ರೆಕಾರ್ಡನ್ನು ಬಿಚ್ಚಲಿಲ್ಲ. ಮೂರನೆಯ ದಿನ ಅನ್ನಕ್ಕಿಟ್ಟು ಬಂದು, ತಾನೇ ಹಾಕಿದಳು.

ಅಕ್ಕ ಹಾಡಿದಳು, ಮೂಗು ಕಟ್ಟಿದವರ ಹಾಗೆ. ಓಗೊಡುವ ಜಾಗ ಬಂತು. ಡಬ್ಬಿಯ ಗರಗರದಲ್ಲಿ ಅಲ್ಲಿ ಏನೂ ಇರಲಿಲ್ಲ. ಸುಮಿತ್ರವ್ವ ಕಿವಿ ಹಚ್ಚಿ ಕೂತಳು. ಇನ್ನೊಂದು ಸಾಲು. ಇಲ್ಲ.

"ಐ ಕಾಂಟ್ ಹಿಯರ್ ಯು, ಅಮ್ಮಾ," ಎಂದಳು ಪ್ರೇರಣಾ. ಅವಳ ಕಣ್ಣು ತುಂಬಿದ್ದವು.

"ನನಗೂ ಕೇಳಸವಲ್ದು. ಆದರ ಇದರಾಗ ಐತಿ."

ಈ ದನಿ ಕೇಳಬೇಕೆಂದರೆ ಶುಗರ್ ಲ್ಯಾಂಡಿನ ಆ ಯಂತ್ರದ ಮುಂದೆಯೇ ಹೋಗಿ ಕೂಡಬೇಕು, ಅವರ ಬೆರಳಿನ ಕೆಳಗೆ. ಅದು ಅವಳಿಗೆ ಹಾಡು ಮುಗಿಯುವ ಮೊದಲೇ ತಿಳಿದಿತ್ತು. ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿದಳು.

ಆಗಲೇ ಫೋನು ಬಂತು. ಪ್ರೇರಣಾ ಹೆಸರು ನೋಡಿ ತಾಯಿಗೆ ಕೊಟ್ಟಳು. ಮಹಾಬಲೇಶ್ವರನ ಐತವಾರ ಇನ್ನೂ ಬಂದಿರಲಿಲ್ಲ.

"ಹಾಕಿ ಕೇಳಿದೇನು?" ಎಂದರು ಗದಿಗೆಪ್ಪನವರು.

"ಈಗ ಹಚ್ಚೇನಿ."

"ಆ ಡಬ್ಬ್ಯಾಗ ಏನ್ ಕೇಳ್ತಿ, ನಿನ್ನ ದನಿ ಅದರಾಗ ಬರೂದ ಇಲ್ಲ. ಅದಕ್ಕ ನಮ್ಮ ಮಶಿನ್ನ ಬೇಕು. ನಾಳೆ ಬಂದು ಕರ್ಕೊಂಡು ಬರ್ತೇನಿ."

ಸುಮಿತ್ರವ್ವ ತಿರುಗುವ ರೆಕಾರ್ಡನ್ನು ನೋಡಿದಳು. ಇಷ್ಟು ವರ್ಷದಲ್ಲಿ ಗಂಡನಿಗೆ ಸುಳ್ಳು ಹೇಳಬೇಕಾದ ಪ್ರಸಂಗ ಅವಳಿಗೆ ಬಂದಿರಲಿಲ್ಲ. ಹೇಗೆ ಹೇಳಬೇಕೆಂದು ಯೋಚಿಸಬೇಕಾಗಲಿಲ್ಲ; ಅವರ ಬಾಯಿಂದ ಕೇಳಿದ್ದು ನೆನಪಿತ್ತು.

"ಬರ್ತದ್ರಿ. ಮೊದಲಿಂದ ಕಡೀತನಕ. ನಮ್ಮ ಮನ್ಯಾಗಿಂತ ಛಲೋ ಕೇಳಸ್ತದ."

"ಸಾಧ್ಯನ ಇಲ್ಲ," ಎಂದರು ಅವರು. ಆಮೇಲೆ, "ಫೋನು ಹತ್ರ ಹಿಡಿ," ಎಂದರು.

ಹಿಡಿದಳು. ಅಕ್ಕ ಒಂದು ಸಾಲು ಹಾಡಿದಳು. ಓಗೊಡುವ ಜಾಗಕ್ಕೆ ಸುಮಿತ್ರವ್ವ ಬೆರಳೆತ್ತಿದಳು, ಫೋನಿನ ಆಚೆ ಇದ್ದವರಿಗೆ ಅದು ಕಾಣುತ್ತಿರಲಿಲ್ಲ.

"ನನಗೇನೂ ಕೇಳಸವಲ್ದಲ್ಲ ಸುಮಿ."

"ಐತಲ್ರಿ. ಇಲ್ಲೇ ಐತಿ," ಎಂದಳು ಅವಳು. "ವಯಸ್ಸಾತು. ಮೊದಲು ಸಣ್ಣ ದನೀನ ಹೋಗ್ತಾವು."

ಅವಳು ಫೋನು ಕಡಿಯಲಿಲ್ಲ. ಅದನ್ನು ಡಬ್ಬಿಯ ಪಕ್ಕಕ್ಕೆ ಇಟ್ಟು, ಹಾಡನ್ನು ಅದರ ಪಾಡಿಗೆ ಬಿಟ್ಟು, ಒಲೆಯ ಮೇಲಿನ ಅನ್ನ ನೋಡಲು ಎದ್ದಳು.